ರೋಗಕ್ಕೆ ಹೆಸರಾದ ವೈದ್ಯ

ಲೋಕದಲ್ಲಿ ಹೆಸರು ಉಳಿಯುವ ದಾರಿಗಳು ಹಲವು. ಅರಸನ ಹೆಸರು ಗುಮ್ಮಟದಲ್ಲಿ ಉಳಿಯುತ್ತದೆ. ದಾನಿಯ ಹೆಸರು ಶಿಲಾಶಾಸನದಲ್ಲಿ. ವಚನಕಾರನ ಹೆಸರು ಅಂಕಿತದ ಮರೆಯಲ್ಲಿ. ಇವೆಲ್ಲ ಜನರು ಆದರದಿಂದ ನೆನೆಯುವ ಹೆಸರುಗಳು. ವೈದ್ಯಶಾಸ್ತ್ರದಲ್ಲಿ ಮಾತ್ರ ಒಂದು ವಿಚಿತ್ರ ಪದ್ಧತಿಯುಂಟು. ಒಂದು ರೋಗವನ್ನು ಮೊದಲು ಬೇರ್ಪಡಿಸಿ ಗುರುತಿಸಿದ ವೈದ್ಯನ ಹೆಸರನ್ನೇ ಆ ರೋಗಕ್ಕೆ ಇಡುವುದು. ಪಂಡಿತರು ಅದನ್ನು ಗೌರವವೆಂದು ಕೊಡುತ್ತಾರೆ. ರೋಗಿಯ ಕಿವಿಗೆ ಅದು ಭಯವಾಗಿ ಬೀಳುತ್ತದೆ. ತನ್ನ ಜೀವಮಾನವನ್ನೆಲ್ಲ ದೀನರ ಸೇವೆಯಲ್ಲಿ ಕಳೆದ ಸಾಧುಪುರುಷನೊಬ್ಬನ ಹೆಸರು ಇಂದು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಹೀಗೆ ತಗ್ಗಿದ ದನಿಯಲ್ಲಿ ಉಚ್ಚರಿಸಲ್ಪಡುತ್ತಿದೆ. ಆತನೇ ಥಾಮಸ್ ಹಾಜ್‌ಕಿನ್.

ವಿಜಯಪುರದಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ಈ ಹೆಸರು ಪರಿಚಯವಾದದ್ದು ಯಾವ ಗ್ರಂಥದಿಂದಲೂ ಅಲ್ಲ, ನನ್ನದೇ ಶರೀರದ ಪರೀಕ್ಷಾಪತ್ರದಿಂದ. ಕೊರಳಿನ ಎಡಬದಿಗೆ, ಕೊಂಕೆಲುಬಿನ ಮೇಲೆ, ನೋವಿಲ್ಲದ ಒಂದು ಗಂಟು ಎದ್ದಿತು. ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಗುವುದು, ನಡುರಾತ್ರಿಯಲ್ಲಿ ಹಾಸಿಗೆ ತೊಯ್ಯುವಷ್ಟು ಬೆವರುವುದು ಆರಂಭವಾಯಿತು. ನಮ್ಮ ಕಡೆಯ ಹಿರಿಯರು ಇಂಥ ಗಂಟನ್ನು ಕಂಡೊಡನೆ ಗಂಡಮಾಲೆಯೆನ್ನುತ್ತಾರೆ. ವೈದ್ಯರೂ ಮೊದಲು ಕ್ಷಯವನ್ನೇ ಶಂಕಿಸುತ್ತಾರೆ. ಈ ದೇಶದಲ್ಲಿ ಹಾಗೆ ಶಂಕಿಸುವುದು ನ್ಯಾಯವೇ ಆಗಿದೆ. ಸೂಜಿಯಿಂದ ಎಳೆದ ತೊಟ್ಟು ದ್ರವದಲ್ಲಿ ನಿರ್ಣಯ ದೊರೆಯಲಿಲ್ಲ. ಗಂಟನ್ನು ಇಡಿಯಾಗಿ ತೆಗೆದು ಪರೀಕ್ಷಿಸಬೇಕೆಂದರು. ಗ್ರಂಥಿಯ ರಚನೆ ಹೇಗೆ ಕೆಟ್ಟಿದೆಯೆಂಬುದು ಒಂದೆರಡು ಜೀವಕೋಶಗಳಿಂದ ತಿಳಿಯುವುದಿಲ್ಲವಂತೆ. ಒಂದು ಶಬ್ದದಿಂದ ಪದ್ಯದ ಛಂದಸ್ಸನ್ನು ಹೇಳಲಾಗದಂತೆ ಎಂದು ನಾನು ಅರ್ಥಮಾಡಿಕೊಂಡೆನು. ಹತ್ತು ದಿನಗಳ ಮೇಲೆ ಬಂದ ಪತ್ರದಲ್ಲಿ ಎರಡು ಶಬ್ದಗಳಿದ್ದವು: ಹಾಜ್‌ಕಿನ್ ಲಿಂಫೋಮಾ. ದುಗ್ಧಗ್ರಂಥಿಗಳ ಅರ್ಬುದವೆಂದು ಅದರ ತಾತ್ಪರ್ಯ.

ಸುದ್ದಿ ಬಬಲೇಶ್ವರದ ನಮ್ಮ ಮನೆತನಕ್ಕೂ ಟಿಕೋಟಾದ ಬೀಗರಿಗೂ ಮುಟ್ಟಿತು. ಬಂದವರೆಲ್ಲರೂ ಪ್ರೀತಿಯಿಂದಲೇ ಬಂದರು. ಆದರೆ ಒಬ್ಬರಾದರೂ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಅದು, ಆ ಬ್ಯಾನಿ, ದೊಡ್ಡ ರೋಗ ಎಂದು ಸರ್ವನಾಮಗಳಲ್ಲಿಯೇ ಮಾತು ಮುಗಿಯುತ್ತಿತ್ತು. ಹೆಸರು ಹೇಳಿದರೆ ರೋಗ ಬಲಿಯುವುದೆಂಬ ಅಂಜಿಕೆ ನಮ್ಮಲ್ಲಿ ಹಳೆಯದು. ಭಾಷೆಯನ್ನೇ ಕಸುಬಾಗಿ ಮಾಡಿಕೊಂಡವರಿಗೆ ಈ ಮೌನ ಸಹಿಸುವುದು ಕಷ್ಟ. ಹೇಳಬಾರದೆಂದು ಎಲ್ಲರೂ ನುಂಗಿಕೊಳ್ಳುತ್ತಿದ್ದ ಆ ಹೆಸರು ಯಾರದು, ಆ ಮನುಷ್ಯ ಹೇಗೆ ಬದುಕಿದನು ಎಂದು ತಿಳಿಯುವ ಹಂಬಲ ಹುಟ್ಟಿದ್ದು ಆಗಲೇ. ತಿಳಿದದ್ದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಥಾಮಸ್ ಹಾಜ್‌ಕಿನ್ನನು ೧೭೯೮ನೆಯ ಇಸವಿ ಆಗಸ್ಟ್ ೧೭ರಂದು ಲಂಡನ್ನಿನ ಪೆಂಟನ್‌ವಿಲ್ ಎಂಬಲ್ಲಿ ಹುಟ್ಟಿದನು. ತಂದೆ ಜಾನ್ ಹಾಜ್‌ಕಿನ್ ಮನೆಪಾಠ ಹೇಳುವ ಗುರು. ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿದ್ದು. ಈ ಪಂಥದವರು ಪುರೋಹಿತರನ್ನು ಒಪ್ಪುವುದಿಲ್ಲ, ಆಣೆ ಇಡುವುದಿಲ್ಲ, ಯುದ್ಧದಲ್ಲಿ ಭಾಗಿಗಳಾಗುವುದಿಲ್ಲ. ಅರಸನ ಮುಂದೆಯೂ ಟೊಪ್ಪಿಗೆ ತೆಗೆಯದಿರುವುದು, ಸರಳವಾದ ಉಡುಪು ಧರಿಸುವುದು, ಎಲ್ಲರಲ್ಲಿಯೂ ಒಂದೇ ದೈವೀ ಬೆಳಕಿದೆಯೆಂದು ನಂಬಿ ಮೌನದಲ್ಲಿ ಕೂಡುವುದು ಆಗ ಅವರ ಆಚಾರವಾಗಿತ್ತು. ಶರಣರ ನಾಡಿನವರಾದ ನಮಗೆ ಇದನ್ನು ಅರಿಯುವುದು ಕಷ್ಟವಲ್ಲ. ಈ ಪಂಥದವರಿಗೆ ಆ ಕಾಲದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿಯ ಬಾಗಿಲು ಮುಚ್ಚಿತ್ತು. ಬಾಲಕನು ಮನೆಯಲ್ಲಿಯೇ ಭಾಷೆಗಳನ್ನು ಕಲಿತು, ಔಷಧ ತಯಾರಕನ ಬಳಿ ಉಮೇದುವಾರಿ ಮಾಡಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಅಭ್ಯಾಸಕ್ಕೆ ನಿಂತನು. ಅನಂತರ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದನು.

ನಡುವೆ ಅವನು ಪ್ಯಾರಿಸ್ಸಿಗೆ ಹೋದುದು ಅವನ ಶಿಕ್ಷಣದಲ್ಲಿ ಮುಖ್ಯವಾದ ಘಟ್ಟ. ಅಲ್ಲಿ ಲೆನೆಕ್ ಎಂಬ ವೈದ್ಯನು ಮರದ ಕೊಳವೆಯೊಂದನ್ನು ರೋಗಿಯ ಎದೆಗಿಟ್ಟು ಒಳಗಿನ ಸಪ್ಪಳವನ್ನು ಕೇಳುವ ವಿದ್ಯೆಯನ್ನು ಕಂಡುಹಿಡಿದಿದ್ದನು. ಹಾಜ್‌ಕಿನ್ನನು ಆ ವಿದ್ಯೆಯನ್ನು ಅವನಿಂದಲೇ ಕಲಿತು, ೧೮೨೨ರಲ್ಲಿ ಗೈಸ್ ಆಸ್ಪತ್ರೆಯವರಿಗೆ ಸ್ಟೆತೊಸ್ಕೋಪಿನ ಉಪಯೋಗವನ್ನು ವಿವರಿಸಿದನು. ೧೮೨೩ರಲ್ಲಿ ಎಡಿನ್‌ಬರೋದಿಂದ ವೈದ್ಯಪದವಿ ಪಡೆದಾಗ ಅವನು ಬರೆದ ಪ್ರಬಂಧದ ವಿಷಯ ಶರೀರದ ಹೀರುವ ಶಕ್ತಿ. ಅಂದಿನವರು ದುಗ್ಧಗ್ರಂಥಿಗಳನ್ನು ಹೀರುಗ್ರಂಥಿಗಳೆಂದೇ ಕರೆಯುತ್ತಿದ್ದರು. ಮುಂದೆ ತನ್ನ ಹೆಸರು ಯಾವುದರೊಡನೆ ಕೂಡಿಕೊಳ್ಳಲಿತ್ತೋ ಅದರ ಹೊಸ್ತಿಲಲ್ಲಿ ಅವನು ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ ನಿಂತಿದ್ದನೆನ್ನಬೇಕು.

೧೮೨೫ರಲ್ಲಿ ಗೈಸ್ ಆಸ್ಪತ್ರೆಯು ತನ್ನದೇ ಆದ ವೈದ್ಯಶಾಲೆಯನ್ನು ತೆರೆಯಿತು. ಅಲ್ಲಿ ಹಾಜ್‌ಕಿನ್ನನಿಗೆ ದೊರೆತ ಹುದ್ದೆ ಎರಡು ಮುಖದ್ದು. ಒಂದು, ಆಸ್ಪತ್ರೆಯ ವಸ್ತುಸಂಗ್ರಹಾಲಯದ ಪಾಲಕತ್ವ. ಇನ್ನೊಂದು, ಮೃತರ ಪರೀಕ್ಷಕನೆಂಬ ಅಧಿಕಾರ. ಬದುಕಿದ್ದವರನ್ನು ನೋಡುವ ಭಾಗ್ಯ ಬೇರೆಯವರದು. ಅವರು ಕೈಬಿಟ್ಟ ಮೇಲೆ ಶವಗಳನ್ನು ತೆರೆದು, ಯಾವ ಅಂಗ ಹೇಗೆ ಕೆಟ್ಟಿತ್ತೆಂದು ಬರೆದಿಡುವ ಕೆಲಸ ಇವನದು. ಆಗ ಶೀತಾಗಾರವಿರಲಿಲ್ಲ, ಕೈಗವಸಿರಲಿಲ್ಲ. ಆ ಕೊಠಡಿಯಲ್ಲಿ ನೂರಾರು ದೇಹಗಳನ್ನು ಅವನು ನೋಡಿದನು. ಕೆಟ್ಟ ಅಂಗಗಳನ್ನು ಮದ್ಯಸಾರದ ಸೀಸೆಗಳಲ್ಲಿ ಇಟ್ಟು, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ರೋಗಿಯ ಚರಿತ್ರೆಯನ್ನು ಜೋಡಿಸಿದನು. ೧೮೨೯ರಲ್ಲಿ ಅವನು ಪ್ರಕಟಿಸಿದ ಸೂಚಿಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಮಾದರಿಗಳ ವಿವರವಿತ್ತು.

ಈ ಭಾಗವನ್ನು ಓದುವಾಗ ನನ್ನ ಮನಸ್ಸು ಸಹಜವಾಗಿ ನಮ್ಮೂರಿನ ಫ. ಗು. ಹಳಕಟ್ಟಿಯವರ ಕಡೆಗೆ ಹೊರಳಿತು. ವಕೀಲಿಯ ವೃತ್ತಿಗಾಗಿ ವಿಜಯಪುರಕ್ಕೆ ಬಂದ ಅವರು ಮನೆಮನೆ, ಮಠಮಠ ತಿರುಗಿ, ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಯಾರೂ ಓದದೆ ಬಿದ್ದಿದ್ದ ತಾಡವೋಲೆಗಳನ್ನು ಕೂಡಿಹಾಕಿದರು. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಹುಳು ತಿಂದ ಗರಿಯಲ್ಲಿ ಅಕ್ಷರ ಬಿಡಿಸುವವನಿಗೂ ಕೆಟ್ಟ ಗ್ರಂಥಿಯಲ್ಲಿ ರೋಗದ ಲಿಪಿಯನ್ನು ಬಿಡಿಸುವವನಿಗೂ ಬೇಕಾದ ಗುಣ ಒಂದೇ: ಇದು ಯಾರಿಗೆ ಯಾವಾಗ ಉಪಯೋಗವಾದೀತೆಂದು ಕೇಳದೆ, ಕಂಡದ್ದನ್ನು ಕೆಡಿಸದೆ ಕಾಪಾಡುವ ನಿಷ್ಠೆ.

ಹಾಜ್‌ಕಿನ್ನನ ಕಣ್ಣು ಎಷ್ಟು ಶುದ್ಧವಾದುದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ೧೮೨೭ರಲ್ಲಿ ಅವನು ತನ್ನ ಪಂಥದವನೇ ಆದ ಜೋಸೆಫ್ ಜ್ಯಾಕ್ಸನ್ ಲಿಸ್ಟರನೊಡನೆ ಕೂಡಿ, ಹೊಸದಾಗಿ ತಿದ್ದಿದ ಸೂಕ್ಷ್ಮದರ್ಶಕದಲ್ಲಿ ರಕ್ತವನ್ನು ಪರೀಕ್ಷಿಸಿದನು. ರಕ್ತದ ಕೆಂಪು ಕಣಗಳು ಗುಂಡಾದ ಗೋಲಿಗಳೆಂದು ಹಲವರು ತಿಳಿದಿದ್ದ ಕಾಲ ಅದು. ಅವು ಎರಡೂ ಬದಿಗೆ ತಗ್ಗಾದ ಬಿಲ್ಲೆಗಳೆಂದು ಈ ಇಬ್ಬರೂ ತೋರಿಸಿದರು. ಈ ಲಿಸ್ಟರನ ಮಗನೇ ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕ ಪದ್ಧತಿಯನ್ನು ತಂದು ಪ್ರಸಿದ್ಧನಾದನು.

೧೮೩೨ರ ಜನವರಿ ೧೦ ಮತ್ತು ೨೪ರಂದು ಲಂಡನ್ನಿನ ವೈದ್ಯ-ಶಸ್ತ್ರವೈದ್ಯ ಸಂಘದಲ್ಲಿ ಹಾಜ್‌ಕಿನ್ನನ ಪ್ರಬಂಧವೊಂದನ್ನು ಕಾರ್ಯದರ್ಶಿಯಾದ ರಾಬರ್ಟ್ ಲೀಯು ಓದಿದನು. ಹೀರುಗ್ರಂಥಿಗಳಲ್ಲಿಯೂ ಗುಲ್ಮದಲ್ಲಿಯೂ ಕಂಡ ಕೆಲವು ವಿಕಾರಗಳೆಂಬುದು ಅದರ ವಿಷಯ. ಏಳು ರೋಗಿಗಳ ವೃತ್ತಾಂತ ಅದರಲ್ಲಿತ್ತು. ಮೊದಲನೆಯವನು ಸುಮಾರು ಒಂಬತ್ತು ವರ್ಷದ ಹುಡುಗ. ಅವನ ಜೊತೆಗೇ ಮಲಗುತ್ತಿದ್ದ ಅಣ್ಣನೋ ತಮ್ಮನೋ ಕೆಲವು ತಿಂಗಳ ಹಿಂದೆ ಕ್ಷಯದಿಂದ ತೀರಿಕೊಂಡಿದ್ದನು. ಎರಡನೆಯವನಿಗೆ ಹತ್ತು ವರ್ಷ. ಉಳಿದವರು ದೊಡ್ಡವರು. ಏಳನೆಯವನನ್ನು ಹಾಜ್‌ಕಿನ್ನನು ಕಂಡಿರಲಿಲ್ಲ; ಗೆಳೆಯ ಕಾರ್ಸ್‌ವೆಲ್ಲನು ಪ್ಯಾರಿಸ್ಸಿನಲ್ಲಿ ಬಿಡಿಸಿದ ವರ್ಣಚಿತ್ರವೇ ಆಧಾರ. ಕೊರಳು, ಕಂಕುಳು, ಬೆನ್ನೆಲುಬಿನ ಮಗ್ಗುಲು, ಹೀಗೆ ಸರಪಣಿಯಂತೆ ಸಾಗಿದ ಗ್ರಂಥಿಗಳ ಊತವು ಬೇರೆ ಯಾವುದೋ ಹುಣ್ಣಿನ ಅಥವಾ ನಂಜಿನ ಫಲವಲ್ಲ, ಆ ಗ್ರಂಥಿಗಳದೇ ಆದ ಮೂಲವ್ಯಾಧಿಯಿದು ಎಂದು ಅವನು ನಿರ್ಣಯಿಸಿದನು. ಕ್ಷಯದ ಗಂಟಿಗೂ ಇದಕ್ಕೂ ಇರುವ ಭೇದವನ್ನು ಬರಿಯ ಕಣ್ಣಿನಿಂದಲೇ ಹಿಡಿಯಲು ಯತ್ನಿಸಿದನು. ಏಳರಲ್ಲಿ ಎಲ್ಲವೂ ಇದೇ ರೋಗವಾಗಿರಲಿಲ್ಲವೆಂದು ಮುಂದಿನವರು ಹೇಳಿದ್ದಾರೆ. ಆದರೂ ಗಂಡಮಾಲೆಯ ಗುಂಪಿನಿಂದ ಒಂದು ಹೊಸ ರೋಗವು ಅಂದು ಹೊರಬಂದು ನಿಂತಿತು. ನನ್ನ ಕೊರಳಿನ ಗಂಟಿನ ಬಗ್ಗೆ ನಡೆದ ವಿಚಾರಣೆಯೂ ಇದೇ ಅಲ್ಲವೆ? ನೂರಾ ತೊಂಬತ್ತು ವರ್ಷಗಳ ಹಿಂದೆ ಅವನು ಕೇಳಿದ ಪ್ರಶ್ನೆಯನ್ನೇ ನಮ್ಮ ವೈದ್ಯರು ಇಂದಿಗೂ ಮೊದಲು ಕೇಳುತ್ತಾರೆ.

ಆ ಪ್ರಬಂಧದ ಸಾರವನ್ನು ಓದಿದ ರೋಗಿಗೆ ಒಂದು ಸಂಗತಿ ಎದೆಗೆ ತಾಕುತ್ತದೆ. ಅದರಲ್ಲಿ ಗುಣವಾದವರು ಯಾರೂ ಇಲ್ಲ. ತಾನು ರೋಗವನ್ನು ಗೆಲ್ಲಬಲ್ಲೆನೆಂಬ ಆಡಂಬರವೂ ಇಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಿ ಅವನು ಸುಮ್ಮನಾದನು. ಲೋಕವೂ ಸುಮ್ಮನಾಯಿತು. ಪ್ರಬಂಧವು ಸಂಘದ ಸಂಪುಟದಲ್ಲಿ ಅಚ್ಚಾಗಿ ಧೂಳು ಹಿಡಿಯಿತು.

ಇದಾದ ಐದು ವರ್ಷಗಳಿಗೆ ಅವನ ಬಾಳು ಮುರಿದ ಪ್ರಸಂಗ ನಡೆಯಿತು. ೧೮೩೭ರಲ್ಲಿ ಗೈಸ್ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನ ಸ್ಥಾನವೊಂದು ತೆರವಾಯಿತು. ಯೋಗ್ಯತೆಯಲ್ಲಿ ಅವನಿಗೆ ಸಮಾನರು ವಿರಳ. ಆದರೆ ಆಸ್ಪತ್ರೆಯ ಸರ್ವಾಧಿಕಾರಿಯಂತಿದ್ದ ಖಜಾಂಚಿ ಬೆಂಜಮಿನ್ ಹ್ಯಾರಿಸನ್ನನು ಹಡ್ಸನ್ ಬೇ ಕಂಪನಿಯ ಆಡಳಿತದಲ್ಲಿಯೂ ಇದ್ದನು. ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ತುಪ್ಪುಳು ಚರ್ಮ ಕೊಳ್ಳುವ ಆ ಕಂಪನಿಯು ಅವರನ್ನು ನಡೆಸಿಕೊಳ್ಳುವ ರೀತಿ ಅನ್ಯಾಯದ್ದೆಂದು ಹಾಜ್‌ಕಿನ್ನನು ಹ್ಯಾರಿಸನ್ನನಿಗೇ ನೇರವಾಗಿ ಬರೆದಿದ್ದನು. ಒಡೆಯನಿಗೆ ಹಿಡಿಸದ ಸತ್ಯವನ್ನು ಒಡೆಯನ ಮುಂದೆಯೇ ಹೇಳುವವನಿಗೆ ಹುದ್ದೆ ಎಲ್ಲಿಯದು? ಸ್ಥಾನವು ಬೇರೊಬ್ಬನಿಗೆ ಹೋಯಿತು. ಹಾಜ್‌ಕಿನ್ನನು ಹನ್ನೆರಡು ವರ್ಷ ಕಟ್ಟಿದ ಸಂಗ್ರಹಾಲಯವನ್ನು ಬಿಟ್ಟು ಹೊರಬಂದನು. ಅಲ್ಲಿಗೆ ಅವನ ಸಂಶೋಧನೆಯ ಬಾಳು ಬಹುಮಟ್ಟಿಗೆ ಮುಗಿಯಿತು.

ಆದರೆ ಮನುಷ್ಯನು ಮುಗಿಯಲಿಲ್ಲ. ಅದೇ ಕಾಲದಲ್ಲಿ ಅವನು ಮೂಲನಿವಾಸಿಗಳ ರಕ್ಷಣಾ ಸಂಘವನ್ನು ಗೆಳೆಯರೊಡನೆ ಸ್ಥಾಪಿಸಿದನು. ಬಿಳಿಯರ ಸಾಮ್ರಾಜ್ಯವು ಹಬ್ಬಿದಲ್ಲೆಲ್ಲ ನೆಲ ಕಳೆದುಕೊಳ್ಳುತ್ತಿದ್ದ ಜನಗಳ ಪರವಾಗಿ ಲಂಡನ್ನಿನಲ್ಲಿ ಕುಳಿತು ಅರ್ಜಿಗಳನ್ನೂ ಲೇಖನಗಳನ್ನೂ ಬರೆದನು. ಬಡ ರೋಗಿಗಳಿಂದ ಹಣ ಕೇಳಲು ಅವನಿಗೆ ನಾಚಿಕೆ. ಸಿರಿವಂತರಿಂದಲೂ ಬೇಕಾದಷ್ಟು ಕೇಳಲು ಸಂಕೋಚ. ಆದುದರಿಂದ ವೃತ್ತಿಯಲ್ಲಿ ಸಂಪಾದನೆ ಅಷ್ಟಕ್ಕಷ್ಟೆ. ಸ್ವಂತ ಬಾಳಿನಲ್ಲಿಯೂ ಒಂದು ಕೊರಗಿತ್ತು. ಅವನು ಒಲಿದವಳು ಸೋದರ ಸಂಬಂಧದವಳು; ಅಂಥ ವಿವಾಹಕ್ಕೆ ಕ್ವೇಕರರಲ್ಲಿ ನಿಷೇಧ. ಸೋದರತ್ತೆಯ ಮಗಳನ್ನು, ಅಕ್ಕನ ಮಗಳನ್ನು ತರುವುದು ವಾಡಿಕೆಯಾಗಿರುವ ನಮ್ಮ ಸೀಮೆಯವರಿಗೆ ಇದು ಅಚ್ಚರಿಯ ಸಂಗತಿ. ಹಾಜ್‌ಕಿನ್ನನು ನಿಯಮವನ್ನು ತರ್ಕದಿಂದ ಖಂಡಿಸಿದನು. ಆದರೆ ಪಂಥವನ್ನು ತೊರೆಯಲಿಲ್ಲ. ಐವತ್ತು ದಾಟಿದ ಮೇಲೆ, ೧೮೫೦ರಲ್ಲಿ, ಸಾರಾ ಸ್ಕೇಫ್ ಎಂಬ ವಿಧವೆಯನ್ನು ಮದುವೆಯಾದನು.

ಅವನ ಬಾಳಿನ ಕೊನೆಯ ವರ್ಷಗಳಿಗೆ ಒಂದು ದೊಡ್ಡ ಗೆಳೆತನದ ಬೆಳಕಿದೆ. ಮೋಸಸ್ ಮಾಂಟಿಫಿಯೋರ್ ಎಂಬ ಯೆಹೂದಿ ಶ್ರೀಮಂತನು ದೇಶವಿದೇಶಗಳಲ್ಲಿ ಕಷ್ಟಕ್ಕೆ ಸಿಕ್ಕ ತನ್ನ ಜನರ ರಕ್ಷಣೆಗಾಗಿ ಸಂಚರಿಸುತ್ತಿದ್ದನು. ಹಾಜ್‌ಕಿನ್ನನು ಅವನ ವೈದ್ಯನಾಗಿಯೂ ಸಂಗಾತಿಯಾಗಿಯೂ ಜೊತೆಗೂಡಿದನು. ಮೊರಾಕ್ಕೊ ದೇಶದ ಪ್ರಯಾಣವನ್ನು ಕುರಿತು ಪುಸ್ತಕವನ್ನೂ ಬರೆದನು. ಮತ ಬೇರೆಯಾದರೂ ಇವರ ಸ್ನೇಹ ನಾಲ್ವತ್ತು ವರ್ಷ ಬಾಡಲಿಲ್ಲ. ೧೮೬೬ರಲ್ಲಿ ಇಬ್ಬರೂ ಜೆರುಸಲೇಮಿಗೆ ಹೊರಟರು. ಯಾಫಾ ಪಟ್ಟಣದಲ್ಲಿ ಹಾಜ್‌ಕಿನ್ನನಿಗೆ ಆಮಶಂಕೆ ಹಿಡಿಯಿತು. ಮಾಂಟಿಫಿಯೋರನು ಕಾರ್ಯನಿಮಿತ್ತ ಮುಂದೆ ಹೋಗಲೇಬೇಕಾಯಿತು. ಏಪ್ರಿಲ್ ತಿಂಗಳಿನಲ್ಲಿ, ಮನೆ ಮಡದಿಯರಿಂದ ದೂರವಾಗಿ, ಹಾಜ್‌ಕಿನ್ನನು ಅಲ್ಲಿಯೇ ತೀರಿಕೊಂಡನು. ಅವನ ಗೋರಿಯ ಮೇಲೆ ಗೆಳೆಯನು ನಿಲ್ಲಿಸಿದ ಕಲ್ಲಿನ ಕಂಬವಿದೆ.

ಹೆಸರಿನ ಕಥೆ ನಡೆದದ್ದು ಇದಕ್ಕೆ ಕೇವಲ ಒಂದು ವರ್ಷ ಮುಂಚೆ. ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯನು ಇದೇ ರೋಗವನ್ನು ತಾನೇ ಸ್ವತಂತ್ರವಾಗಿ ಕಂಡು ೧೮೫೬ರಲ್ಲಿ ಬರೆದಿದ್ದನು. ಅಷ್ಟರಲ್ಲಿ ಹಳೆಯ ಉಲ್ಲೇಖವೊಂದರಿಂದ, ತನಗಿಂತ ಮುಂಚೆ ಹಾಜ್‌ಕಿನ್ನನು ಇದನ್ನು ಗುರುತಿಸಿದ್ದನೆಂಬುದು ಅವನಿಗೆ ತಿಳಿಯಿತು. ಬೇರೆಯವನಾಗಿದ್ದರೆ ಸುಮ್ಮನಿದ್ದುಬಿಡಬಹುದಿತ್ತು. ವಿಲ್ಕ್ಸನು ೧೮೬೫ರಲ್ಲಿ ಇನ್ನೂ ಕೆಲವು ಉದಾಹರಣೆಗಳನ್ನು ಪ್ರಕಟಿಸುವಾಗ ಅದಕ್ಕೆ ಹಾಜ್‌ಕಿನ್ ರೋಗವೆಂದೇ ನಾಮಕರಣ ಮಾಡಿದನು. ಯಾವ ಸಂಸ್ಥೆ ಹಾಜ್‌ಕಿನ್ನನಿಗೆ ಸ್ಥಾನವನ್ನು ನಿರಾಕರಿಸಿತೋ ಅದೇ ಸಂಸ್ಥೆಯ ವೈದ್ಯನೊಬ್ಬನ ಪ್ರಾಮಾಣಿಕತೆ ಅವನಿಗೆ ಅಳಿಯದ ಸ್ಥಾನವನ್ನು ಕೊಟ್ಟಿತು.

ಮುಂದಿನದು ಹಲವರು ಕೂಡಿ ಬರೆದ ಅಧ್ಯಾಯ. ೧೮೯೮ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್, ೧೯೦೨ರಲ್ಲಿ ಡೊರೊತಿ ರೀಡ್ ಎಂಬ ಮಹಿಳೆ, ಸೂಕ್ಷ್ಮದರ್ಶಕದಲ್ಲಿ ಈ ರೋಗದ ವಿಶಿಷ್ಟ ಕೋಶವನ್ನು ವರ್ಣಿಸಿದರು; ಅದರ ಜೋಡಿ ಬೀಜಗಳು ಗೂಗೆಯ ಕಣ್ಣುಗಳಂತೆ ತೋರುತ್ತವೆ. ೧೯೨೬ರಲ್ಲಿ ಹರ್ಬರ್ಟ್ ಫಾಕ್ಸನು ಗೈಸ್ ಸಂಗ್ರಹಾಲಯದಲ್ಲಿ ಉಳಿದಿದ್ದ ಹಾಜ್‌ಕಿನ್ನನ ಸೀಸೆಗಳಿಂದ ತುಣುಕುಗಳನ್ನು ತೆಗೆದು ನೋಡಿದನು. ಸುಮಾರು ನೂರು ವರ್ಷ ಮದ್ಯಸಾರದಲ್ಲಿ ನೆನೆದ ಆ ಮಾಂಸದಲ್ಲಿ ಅದೇ ಕೋಶಗಳು ಇದ್ದವು. ಬರಿಗಣ್ಣಿನ ತೀರ್ಪು ನಿಜವಾಗಿತ್ತು.

ಚಿಕಿತ್ಸೆ ಬರಲು ಇನ್ನೂ ಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಷಕಿರಣದಿಂದ ಗಂಟು ಕರಗುವುದು ಕಂಡಿತು. ೧೯೫೦ರಲ್ಲಿ ಕೆನಡಾದ ವೆರಾ ಪೀಟರ್ಸ್ ಎಂಬ ವೈದ್ಯೆ, ಆರಂಭದ ಹಂತದ ರೋಗಿಗಳು ಕಿರಣಚಿಕಿತ್ಸೆಯಿಂದ ದೀರ್ಘಕಾಲ ಬದುಕುವರೆಂದು ತೋರಿಸಿದಳು. ಯುದ್ಧದ ವಿಷವಾಯುವಿನ ಜಾತಿಯ ರಸಾಯನವೊಂದನ್ನು ೧೯೪೨ರಲ್ಲಿ ಅಮೆರಿಕದ ಯೇಲ್‌ನಲ್ಲಿ ಗ್ರಂಥಿಯ ಅರ್ಬುದಕ್ಕೆ ಔಷಧವಾಗಿ ಪ್ರಯೋಗಿಸಿದರು. ೧೯೭೫ರಲ್ಲಿ ಇಟಲಿಯ ಬೊನಾಡೊನ್ನಾ ಎಂಬುವನು ನಾಲ್ಕು ಔಷಧಗಳನ್ನು ಜೋಡಿಸಿದ ಕ್ರಮವನ್ನು ಪ್ರಕಟಿಸಿದನು. ಈ ರೋಗವನ್ನು ಹೊತ್ತವರಲ್ಲಿ ಹೆಚ್ಚಿನವರು ಇಂದು ಗುಣಹೊಂದುತ್ತಾರೆ.

ಆ ನಾಲ್ಕು ಔಷಧಗಳೇ ನನ್ನ ಪಾಲಿಗೂ ಬಂದವು. ಹದಿನೈದು ದಿನಕ್ಕೊಮ್ಮೆ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಪ್ರಯಾಣ. ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳ ಸಂಖ್ಯೆ ಸಾಕಷ್ಟಿದ್ದರೆ ಔಷಧ, ಇಲ್ಲವಾದರೆ ಕಾಯುವಿಕೆ. ಹೀಗೆ ಹನ್ನೆರಡು ಸಲ. ಒಂದು ಔಷಧ ಕುಂಕುಮದ ನೀರಿನಂತೆ ಕೆಂಪು. ಅದು ಮೂತ್ರವನ್ನೂ ಕೆಂಪಾಗಿಸುತ್ತದೆ. ಇನ್ನೊಂದಕ್ಕೆ ಬೆಳಕು ಆಗದು. ಚೀಲಕ್ಕೆ ಕಪ್ಪು ಹೊದಿಕೆ ಹಾಕಿ ತೂಗುಬಿಡುತ್ತಾರೆ. ಮತ್ತೊಂದು ಶ್ವಾಸಕೋಶಕ್ಕೆ ಕೇಡು ಮಾಡೀತೆಂದು ಆಗಾಗ ಉಸಿರಿನ ಪರೀಕ್ಷೆ. ಕೂದಲು ಉದುರಿತು, ನಾಲಿಗೆಗೆ ಜೋಳದ ರೊಟ್ಟಿ ಮಣ್ಣಾಯಿತು, ತರಗತಿಯಲ್ಲಿ ನಿಲ್ಲಲಾರದೆ ಕುರ್ಚಿಯಲ್ಲಿ ಕುಳಿತು ಪಾಠ ಹೇಳಿದ ದಿನಗಳುಂಟು. ನಾಲ್ಕು ಸಲದ ಔಷಧದ ಮೇಲೆ ತೆಗೆದ ಚಿತ್ರದಲ್ಲಿ ರೋಗದ ಹೊಳಪು ಆರಿತ್ತು. ಆದರೂ ಉಳಿದ ಎಂಟನ್ನು ಮುಗಿಸಲೇಬೇಕು. ಅಲ್ಲಿಯೇ ರೋಗಿಯ ತಾಳ್ಮೆಯ ನಿಜವಾದ ಪರೀಕ್ಷೆ.

ನಾಲ್ಕನೆಯ ಔಷಧದ ಮೂಲವನ್ನು ತಿಳಿದಾಗ ಮಾತ್ರ ನನಗೆ ನಗು ಬಂದಿತು. ಅದು ಹುಟ್ಟಿದ್ದು ಕಾಶಿಕಣಗಿಲೆಯಿಂದ. ನಿತ್ಯಪುಷ್ಪವೆಂದೂ ಅದಕ್ಕೆ ಹೆಸರು. ಕೆನಡಾದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು ಮಧುಮೇಹಕ್ಕೆ ಮದ್ದು ಹುಡುಕುತ್ತ ಅದರ ಎಲೆಯನ್ನು ಪರೀಕ್ಷಿಸಿ, ಬಿಳಿಯ ರಕ್ತಕಣಗಳನ್ನು ಕುಗ್ಗಿಸುವ ಸತ್ವವನ್ನು ಕಂಡು, ೧೯೫೮ರಲ್ಲಿ ಪ್ರಕಟಿಸಿದರು. ಟಿಕೋಟಾದ ದ್ರಾಕ್ಷಿಯ ತೋಟದ ಬದುವಿನಲ್ಲಿ, ಬಬಲೇಶ್ವರದ ಹಿತ್ತಿಲಲ್ಲಿ, ಊರ ಹೊರಗಿನ ಗೋರಿಗಳ ನಡುವೆ, ನೀರು ಕಾಣದೆಯೂ ಬೇಸಗೆಯಲ್ಲಿ ಹೂ ಬಿಡುವ ಗಿಡವದು. ಆಡೂ ಮುಟ್ಟದು. ನನ್ನನ್ನು ನೋಡಲು ಬಂದವರಿಗೆ ಆ ಹೂವನ್ನು ತೋರಿಸಿ, ಔಷಧ ಇದರದೆಂದು ಹೇಳುತ್ತಿದ್ದೆನು. ಬಳಿಕ ರೋಗದ ಹೆಸರು ಹಾಜ್‌ಕಿನ್ನನೆಂಬ ಒಳ್ಳೆಯ ಮನುಷ್ಯನದೆಂದು ಅವನ ಕಥೆಯನ್ನೂ ಹೇಳುತ್ತಿದ್ದೆನು. ಕ್ರಮೇಣ ಹಿರಿಯರೂ ಆ ಹೆಸರನ್ನು ತಮಗೆ ಬಂದಂತೆ ಉಚ್ಚರಿಸತೊಡಗಿದರು. ಸರ್ವನಾಮವು ನಾಮಪದವಾದ ಮೇಲೆ ಮನೆಯ ಅಂಜಿಕೆ ಅರ್ಧಕ್ಕಿಳಿಯಿತೆಂದು ನನ್ನ ಅನುಭವ.

ಹಾಜ್‌ಕಿನ್ನನು ಈ ರೋಗಕ್ಕೆ ಮದ್ದು ಕೊಡಲಿಲ್ಲ. ಕೊಡುವ ಕಾಲವೂ ಅದಲ್ಲ. ಅವನು ಮಾಡಿದ್ದು ಒಂದೇ. ಸತ್ತ ಬಡವರ ದೇಹವನ್ನೂ ಬದುಕಿದ್ದ ಮೂಲನಿವಾಸಿಗಳ ದುಃಖವನ್ನೂ ಅವನು ಒಂದೇ ಕಣ್ಣಿನಿಂದ ನೋಡಿದನು, ಮುಖ ತಿರುಗಿಸಲಿಲ್ಲ. ಮೊದಲನೆಯ ನೋಟಕ್ಕೆ ಅವನಿಗೆ ಬದುಕಿದ್ದಾಗ ಹೆಚ್ಚಿನ ಫಲ ದೊರೆಯಲಿಲ್ಲ; ಎರಡನೆಯದಕ್ಕೆ ಹುದ್ದೆ ಹೋಯಿತು. ನಮ್ಮ ಕೈಲಾಗದುದನ್ನು ನೋಡಿ ಏನು ಪ್ರಯೋಜನವೆಂದು ಕೇಳುವುದು ಲೋಕದ ರೂಢಿ. ಆ ಪ್ರಶ್ನೆಗೆ ಉತ್ತರವು ಆ ಒಂಬತ್ತು ವರ್ಷದ ಹುಡುಗನಿಗೆ ದೊರೆಯಲಿಲ್ಲ. ಅವನ ಅನಂತರ ಇದೇ ಗಂಟನ್ನು ಹೊತ್ತು ಹುಟ್ಟೂರಿಗೆ ಹಿಂದಿರುಗಿದ ಸಾವಿರಾರು ಮಕ್ಕಳಿಗೆ ದೊರೆತಿದೆ. ಅವರ ಪತ್ರಗಳ ಮೇಲೆ ಅವನ ಹೆಸರಿದೆ. ಅದನ್ನು ತಗ್ಗಿದ ದನಿಯಲ್ಲಿ ಹೇಳುವ ಕಾರಣವಿಲ್ಲ.